ಬಾಗಿಲಿನ ಬೀಡಿಂಗ್ ಕಿತ್ತು ಬಣ್ಣ ತೋರಿಸಿದ ಹಿರಿಯರಿಗೆ

ಬೆಂಗಳೂರಿನ ಜೆ.ಸಿ. ರಸ್ತೆಯ ಪೇಂಟ್ ಅಂಗಡಿಯಲ್ಲಿ ಸಿಕ್ಕ ಯಜಮಾನ್ರೇ, ಅವಸರದಲ್ಲಿ ನಿಮ್ಮ ಹೆಸರನ್ನೂ ಕೇಳಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಪ್ಪನ 1978ರ ಪ್ರೀಮಿಯರ್ ಪದ್ಮಿನಿ ಕಾರಿಗೆ ಮೊದಲಿನ ಬಣ್ಣವನ್ನೇ ಮತ್ತೆ ಹೊಡೆಸಬೇಕಿತ್ತು. ಮೊದಲ ಬಣ್ಣ ತಿಳಿ ನೀಲಿ ಅಂತ ಅಮ್ಮ, ಅಲ್ಲವೇ ಅಲ್ಲ ಬೂದು ಅಂತ ಚಿಕ್ಕಪ್ಪ. ನಾನು ಬಾನೆಟ್‌ನ ಫೋಟೋ ತೋರಿಸಿ ಪೇಂಟ್ ಕಲಸಿಕೊಡಿ ಅಂತ ಅಂಗಡಿಯವರನ್ನು ಕೇಳುತ್ತಿದ್ದಾಗ ನೀವು ಪಕ್ಕದಲ್ಲಿ ನಿಂತು ನಕ್ಕಿರಿ. ಆಮೇಲೆ ಗಾಡಿ ಹತ್ತಿರ ಬಂದು ಬಾಗಿಲಿನ ರಬ್ಬರ್ ಬೀಡಿಂಗ್ ಮೆಲ್ಲಗೆ ಎತ್ತಿದಿರಿ. ಬಿಸಿಲು ಕಾಣದ ಆ ಬೆರಳಗಲ ಜಾಗದಲ್ಲಿ ನೀಲಿ ಇನ್ನೂ ಹೊಸದರ ಹಾಗೆ ಕೂತಿತ್ತು!

ಅಷ್ಟಕ್ಕೇ ಬಿಡಲಿಲ್ಲ. 2000 ನಂಬರಿನ ಎಮರಿ ಪೇಪರ್ ನೀರಲ್ಲಿ ಅದ್ದಿ, ಬಾಗಿಲಿನ ಅಂಚನ್ನು ಕಾಸಿನಗಲ ಉಜ್ಜಿದಿರಿ. ಮರದ ಕಾಂಡದ ಉಂಗುರಗಳ ಹಾಗೆ ಮೊದಲು ಬಿಳಿ, ಆಮೇಲೆ ಆ ಬಿಳಿಗೆ ಮುಂಚೆ ಹಚ್ಚಿದ್ದ ಬೂದು ಪ್ರೈಮರ್, ಅದರಡಿ ನೀಲಿ. ಚಿಕ್ಕಪ್ಪ ನೋಡಿದ್ದು ಆ ಪ್ರೈಮರನ್ನೇ ಇರಬೇಕು, ಪಾಪ.

ಅಂಗಡಿಯಲ್ಲಿ ಕಲಸಿದ್ದನ್ನು ತಗಡಿನ ಚೂರಿಗೆ ಹೊಡೆಸಿ, ಒಣಗಿಸಿ, ಆಚೆ ಬಿಸಿಲಿಗೆ ತಂದು ಹಿಡಿದಿರಿ. ಟ್ಯೂಬ್‌ಲೈಟ್ ಕೆಳಗೆ ಹಳೇ ನೀಲಿ, ಕಲಸಿದ ನೀಲಿ ಎರಡೂ ಒಂದೇ ಅನ್ನಿಸಿದ್ದವು, ಬಿಸಿಲಲ್ಲಿ ಕಲಸಿದ್ದು ಹಸಿರಿಗೆ ಹೊಡೆಯುತ್ತಿತ್ತು. ಮೂರನೇ ಸಲಕ್ಕೆ ಸರಿಹೋಯಿತು.

ದುಡ್ಡು ಮುಟ್ಟಲಿಲ್ಲ, ಬೈಟು ಕಾಫಿಗೆ ಮಾತ್ರ ಒಪ್ಪಿದಿರಿ. ತುಂಬಾ ಥ್ಯಾಂಕ್ಸ್. ಗಾಡಿ ತೋರಿಸೋಣ ಅಂತ ಎರಡು ಸಲ ಬಂದೆ, ನೀವು ಸಿಗಲಿಲ್ಲ. ಅಮ್ಮ ಅಂತೂ ಚಿಕ್ಕಪ್ಪನಿಗೆ ದಿನಾ ಫೋನ್ ಮಾಡುತ್ತಿದ್ದಾರೆ.