ಮುಟ್ಟಿನ ದಿನಕ್ಕೆ ರಜೆ ಕೊಟ್ಟಿರಿ, ನೋವಿನ ಕಾರಣವನ್ನೂ ಹುಡುಕಿಸಿ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ನಮ್ಮ ಸ್ಟಾಫ್ ರೂಮಿನ ಪಕ್ಕ ಒಂದು ಬೆಂಚಿದೆ. ಅದರ ಮೇಲೆ ಆಗಾಗ ಯಾವಳಾದರೂ ಹುಡುಗಿ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿರುತ್ತಾಳೆ. "ಏನಾಯ್ತಮ್ಮ?" ಅಂದರೆ "ಹೊಟ್ಟೆನೋವು ಮಿಸ್" ಅನ್ನುತ್ತಾಳೆ. ಅಷ್ಟಕ್ಕೇ ನಾವು ಸುಮ್ಮನಾಗುತ್ತೇವೆ. ನಾನೂ ವರ್ಷಗಟ್ಟಲೆ ಹಾಗೇ ಇದ್ದೆ, ನಮ್ಮ ಅಕ್ಕನ ಮಗಳ ವಿಷಯ ಗೊತ್ತಾಗುವವರೆಗೆ.

ಅವಳಿಗೆ 14ನೇ ವಯಸ್ಸಿನಿಂದ ನೋವು. ಮೊದಲು ಮುಟ್ಟಿನ ದಿನ ಮಾತ್ರ ಇತ್ತು. ಆಮೇಲೆ ನಾಲ್ಕು ದಿನ ಮುಂಚೆಯೇ ಶುರುವಾಗತೊಡಗಿತು. ಪಿಯುಸಿಗೆ ಬರುವಷ್ಟರಲ್ಲಿ ಸಂಡಾಸಿಗೆ ಕೂತರೂ ಕಣ್ಣಲ್ಲಿ ನೀರು. ತೋರಿಸಿದ ಕಡೆಯಲ್ಲೆಲ್ಲ ಒಂದೇ ಮಾತು: "ಈ ವಯಸ್ಸಿಗೆ ಇದೆಲ್ಲ ಇದ್ದಿದ್ದೇ, ಮದುವೆಯಾಗಿ ಒಂದು ಮಗು ಆದರೆ ಸರಿಹೋಗುತ್ತೆ." ಐದು ವರ್ಷ ಹೀಗೇ ಕಳೆಯಿತು. ಕೊನೆಗೆ ಒಬ್ಬರು ಡಾಕ್ಟರಮ್ಮ ಅವಳನ್ನು ಎದುರಿಗೆ ಕೂರಿಸಿಕೊಂಡು, ನೋವು ಯಾವಾಗ, ಎಲ್ಲಿ, ಎಷ್ಟು ಹೊತ್ತು ಅಂತ ಕೇಳಿದರು. ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದೊಳಗೆ ಹಳೇ ರಕ್ತ ತುಂಬಿದ ಗಡ್ಡೆ ಕಂಡಿತು. ಎಂಡೊಮೆಟ್ರಿಯೋಸಿಸ್.

ಗರ್ಭಕೋಶದ ಒಳಪದರದಂಥದ್ದೇ ಪದರ ಹೊರಗೆಲ್ಲೋ, ಅಂಡಾಶಯದ ಮೇಲೋ ಕರುಳಿನ ಹತ್ತಿರವೋ ಬೆಳೆಯುವ ಕಾಯಿಲೆ ಇದು. ಹೆರುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು 10ರಲ್ಲಿ ಒಬ್ಬರಿಗೆ ಇದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನೋವು ಶುರುವಾದ ಮೇಲೆ ಕಾಯಿಲೆ ಪತ್ತೆಯಾಗಲು ಸರಾಸರಿ 4ರಿಂದ 12 ವರ್ಷ ಹಿಡಿಯುತ್ತದೆ ಎಂದೂ ಅದೇ ಸಂಸ್ಥೆ ಹೇಳುತ್ತದೆ. ಮದುವೆ, ಬಸಿರು ಇದಕ್ಕೆ ಔಷಧಿ ಅಲ್ಲ. ಆದರೂ "ಮದುವೆಯಾದರೆ ಸರಿಹೋಗುತ್ತೆ" ಅನ್ನೋ ಮಾತನ್ನು ನಂಬಿ ಮಗಳಿಗೆ ಬೇಗ ಗಂಡು ಹುಡುಕಿದ ತಾಯಂದಿರನ್ನು ನಾನೇ ನೋಡಿದ್ದೇನೆ.

2025ರ ಅಕ್ಟೋಬರ್‌ನಲ್ಲಿ ನಿಮ್ಮ ಸಚಿವ ಸಂಪುಟ ದುಡಿಯುವ ಹೆಂಗಸರಿಗೆ ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಆ ದಿನ ಮನಸ್ಸಿಗೆ ನಿಜವಾಗಿ ಖುಷಿಯಾಯಿತು. ಮುಟ್ಟಿನಲ್ಲಿ ನೋವಿರುತ್ತದೆ ಅಂತ ಸರ್ಕಾರವೇ ಒಪ್ಪಿಕೊಂಡಿತಲ್ಲ! ಆದರೆ ರಜೆ ಹಾಕಿ ಮಲಗಿದರೆ ಆ ನೋವು ಯಾಕೆ ಬಂತು ಅನ್ನೋದು ತಿಳಿಯುವುದಿಲ್ಲ. ನಮ್ಮ ಬೆಂಚಿನ ಮೇಲೆ ಮಲಗುವ ಹುಡುಗಿಗೆ ಆ ರಜೆಯೂ ಇಲ್ಲ.

ಎಲ್ಲ ಕಿಬ್ಬೊಟ್ಟೆ ನೋವೂ ರೋಗವಲ್ಲ, ನನಗೆ ಗೊತ್ತು. ಮುಟ್ಟಿನ ಮೊದಲ ಒಂದೆರಡು ದಿನ ಗರ್ಭಕೋಶ ಹಿಂಡಿಕೊಳ್ಳುತ್ತದೆ, ಅದಕ್ಕೆ ನೋವು. ಬಿಸಿನೀರಿನ ಚೀಲ, ಡಾಕ್ಟರು ಹೇಳಿದ ನೋವಿನ ಮಾತ್ರೆ, ಬಹಳ ಜನಕ್ಕೆ ಇಷ್ಟೇ ಸಾಕು. ಎರಡು ಮುಟ್ಟಿನ ನಡುವೆ ಅಂಡಾಣು ಹೊರಬರುವಾಗ ಒಂದು ಪಕ್ಕ ಚುಚ್ಚುವುದೂ ಉಂಟು. ಅಂಡಾಶಯದ ಎಷ್ಟೋ ನೀರುಗುಳ್ಳೆಗಳು ಎರಡು ಮೂರು ತಿಂಗಳಲ್ಲಿ ತಾವೇ ಕರಗುತ್ತವೆ. ಆದರೆ ಗುಳ್ಳೆ ದೊಡ್ಡದಾಗಿ ಅಂಡಾಶಯ ತಿರುಚಿಕೊಂಡರೆ ಮಾತೇ ಬೇರೆ. ಇದ್ದಕ್ಕಿದ್ದಂತೆ ಒಂದೇ ಪಕ್ಕ ಜೋರು ನೋವು, ಜೊತೆಗೆ ವಾಂತಿ. ಆಗ ಗಂಟೆಗಳ ಲೆಕ್ಕದಲ್ಲಿ ಆಪರೇಷನ್ ಆಗದಿದ್ದರೆ ಅಂಡಾಶಯವೇ ಹೋಗಬಹುದು. "ಅಜೀರ್ಣ ಇರಬೇಕು, ಓಮದ ನೀರು ಕುಡಿ" ಅಂತ ರಾತ್ರಿ ಕಳೆಯುವ ಹೊತ್ತಲ್ಲ ಅದು.

ಇನ್ನೊಂದು ಸಂಗತಿ ನನಗೂ ತಡವಾಗಿ ತಿಳಿಯಿತು. 15 ದಾಟಿದರೂ ಮೈನೆರೆಯದ ಹುಡುಗಿಗೆ ತಿಂಗಳು ತಿಂಗಳೂ ಹೊಟ್ಟೆನೋವು ಬರುತ್ತಿದ್ದರೆ, ಯೋನಿಯ ಬಾಯಿ ಪೊರೆಯಿಂದ ಮುಚ್ಚಿಕೊಂಡು ರಕ್ತ ಒಳಗೇ ನಿಂತಿರಬಹುದು. ಸಣ್ಣ ಆಪರೇಷನ್‌ನಲ್ಲಿ ಸರಿಹೋಗುತ್ತದೆ. ಆದರೆ ಯಾರಾದರೂ ಕೇಳಬೇಕಲ್ವಾ? ಗರ್ಭನಾಳದ ಸೋಂಕು, ಗರ್ಭಕೋಶದ ಕ್ಷಯ, ಅಪೆಂಡಿಕ್ಸ್, ಇವೂ ಇದೇ ಜಾಗದಲ್ಲಿ ನೋಯಿಸುತ್ತವೆ. ಉರಿಮೂತ್ರ, ಮಲಬದ್ಧತೆಯೂ ಹೌದು. ಶಾಲೆಯ ಶೌಚಾಲಯಕ್ಕೆ ಬಾಗಿಲಿಲ್ಲ, ನೀರಿಲ್ಲ ಅಂತ ಬೆಳಗ್ಗೆಯಿಂದ ಸಂಜೆಯವರೆಗೆ ಒಂದು ಗುಟುಕು ನೀರೂ ಕುಡಿಯದ ಮಕ್ಕಳು ನಮ್ಮಲ್ಲಿದ್ದಾರೆ. ಅವರ ನೋವಿಗೆ ಬೇಕಿರುವುದು ಒಂದು ಬಾಗಿಲು, ಒಂದು ನಲ್ಲಿ.

ಈಗ ಎಲ್ಲದಕ್ಕೂ "ಪಿಸಿಓಡಿ" ಎಂಬ ಹೆಸರು ಬೇರೆ. ಅದು ಹಾರ್ಮೋನು ಏರುಪೇರಾಗಿ ಬರುವ ಅಂಡಾಶಯದ ತೊಂದರೆ. ಮುಟ್ಟು ಏರುಪೇರಾಗುವುದು ಅದರ ಮುಖ್ಯ ಲಕ್ಷಣ, ನೋವಲ್ಲ. ಮೊದಲ ಮುಟ್ಟಾಗಿ 8 ವರ್ಷ ಆಗುವವರೆಗೆ ಬರೀ ಸ್ಕ್ಯಾನಿಂಗ್ ನೋಡಿ ಅದನ್ನು ನಿರ್ಧರಿಸಬಾರದು ಎಂದು 2018ರ ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲೇ ಇದೆ. ಆದರೂ ಒಂಬತ್ತನೇ ಕ್ಲಾಸಿನ ಮಕ್ಕಳು ಆ ರಿಪೋರ್ಟು ಹಿಡಿದು "ಮಿಸ್, ನಂಗೆ ಮುಂದೆ ಮಕ್ಕಳಾಗಲ್ವಾ?" ಎಂದು ಅಳುತ್ತಾರೆ.

ಕಾರಣ ಕೇಳದೆ ಬಿಟ್ಟರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನೋದನ್ನು ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ನೋಡಿದ್ದೇವೆ. ಹೊಟ್ಟೆನೋವು, ಬಿಳಿಮುಟ್ಟು ಎಂದು ಆಸ್ಪತ್ರೆಗೆ ಹೋದ ಲಂಬಾಣಿ ಹೆಣ್ಣುಮಕ್ಕಳು ಗರ್ಭಕೋಶವನ್ನೇ ಕಳೆದುಕೊಂಡು ಬಂದರು. ಬೇಡದ ಗರ್ಭಕೋಶ ಆಪರೇಷನ್‌ಗಳನ್ನು ತಡೆಯುವ ಮಾರ್ಗಸೂಚಿ ಜಾರಿ ಮಾಡಿ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿತು. ಆ ಹೆಂಗಸರೂ ಒಂದು ಕಾಲಕ್ಕೆ ಹದಿನಾಲ್ಕರ ಹುಡುಗಿಯರೇ ಆಗಿದ್ದವರು.

ಹೊಸ ಯೋಜನೆ ಬೇಕು ಅಂತ ನಾನು ಕೇಳುತ್ತಿಲ್ಲ. ಹರೆಯದ ಮಕ್ಕಳಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ. ಶುಚಿ ಯೋಜನೆಯ ಪ್ಯಾಡು ಇದೆ. ಆ ಪ್ಯಾಡು ಕೊಡುವಾಗಲೇ ಎರಡು ಮಾತು ಕೇಳಲಿ: ನೋವಿಗೆ ಶಾಲೆ ತಪ್ಪಿಸುತ್ತೀಯಾ? ಮಾತ್ರೆ ತಗೊಂಡರೂ ನೋವು ಹೋಗಲ್ವಾ? ಹೌದು ಅಂದವಳನ್ನು ತಾಲ್ಲೂಕು ಆಸ್ಪತ್ರೆಗೆ ಚೀಟಿ ಬರೆದು ಕಳಿಸಲಿ. ಅಲ್ಲಿ ವಾರದಲ್ಲಿ ಒಂದು ದಿನವಾದರೂ ಸ್ತ್ರೀರೋಗ ತಜ್ಞರು ಮತ್ತು ಸ್ಕ್ಯಾನಿಂಗ್ ಒಟ್ಟಿಗೆ ಸಿಗಲಿ. ಮದುವೆಯಾಗದ ಹುಡುಗಿ ಆ ಬಾಗಿಲಲ್ಲಿ ನಿಂತರೆ "ಯಾಕೆ ಬಂದೆ?" ಎನ್ನುವಂತೆ ನೋಡಬೇಡಿ ಎಂದು ನಿಮ್ಮ ಸಿಬ್ಬಂದಿಗೆ ನೀವೇ ಹೇಳಿ. ನೀವು ಹೇಳಿದರೆ ಕೇಳುತ್ತಾರೆ.

ನಮ್ಮ ಶಾಲೆಗೆ ಆರೋಗ್ಯ ತಪಾಸಣೆಯ ತಂಡ ಬರುತ್ತದೆ. ಎತ್ತರ, ತೂಕ, ಕಣ್ಣು, ಹಲ್ಲು ನೋಡಿ ಕಾರ್ಡಿನಲ್ಲಿ ಬರೆಯುತ್ತಾರೆ. ಅವರು ಮುಂದಿನ ಸಲ ಬರುವ ಹೊತ್ತಿಗೆ ಆ ಕಾರ್ಡಿನಲ್ಲಿ ಈ ಎರಡು ಪ್ರಶ್ನೆಗೂ ಜಾಗ ಮಾಡಿಸಿಕೊಡಿ. ಮಕ್ಕಳನ್ನು ಕೂರಿಸಿ ಬರೆಸುವ ಕೆಲಸ ನಾನು ಮಾಡುತ್ತೇನೆ.

ಇಂತಿ,
ಒಬ್ಬಳು ಹೈಸ್ಕೂಲ್ ಶಿಕ್ಷಕಿ