ಮಕ್ಕಳ ಹೊದಿಕೆ ಮತ್ತು ಧೂಳುನುಸಿ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ವಿಷಯ: ನಿದ್ದೆಯ ಹೊದಿಕೆ, ದಿಂಬಿನ ಕವರ್, ಬಟ್ಟೆ ಗೊಂಬೆಗಳನ್ನು ಒಗೆದು ಕಳಿಸುವ ಬಗ್ಗೆ

ಶಿಶು ತರಗತಿಯ ಮಕ್ಕಳ ಹೊದಿಕೆಗಳನ್ನು ಇನ್ನು ಮುಂದೆ ಪ್ರತಿ ಶುಕ್ರವಾರ ಮನೆಗೆ ಕಳಿಸುತ್ತೇವೆ. ಸೋಮವಾರ ಒಗೆದು ತರಬೇಕು. ಬಿಸಿಲಿಗೆ ಹರವಿ, ಕೊಡವಿ ಕಳಿಸಿದರೆ ಸಾಲದು. ಕಾರಣ, ಹಾಸಿಗೆ ಹೊದಿಕೆಗಳಲ್ಲಿ ಸೇರಿಕೊಳ್ಳುವ ಧೂಳುನುಸಿ ಎಂಬ ಪುಟ್ಟ ಜೀವಿ.

ಧೂಳುನುಸಿಯ ಉದ್ದ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ಅದರ ಮುಖ್ಯ ಆಹಾರ. ಅದು ಕಚ್ಚುವುದಿಲ್ಲ. ಅಲರ್ಜಿ ಇರುವ ಮಗುವಿಗೆ ಸೀನು, ಕಣ್ಣುರಿ, ಉಬ್ಬಸ ತರುವುದು ಅದರ ಹಿಕ್ಕೆಯಲ್ಲೂ ಸತ್ತ ಮೈಯ ಚೂರುಗಳಲ್ಲೂ ಇರುವ ಪ್ರೋಟೀನು. ಒಂದು ನುಸಿ ದಿನಕ್ಕೆ ಸುಮಾರು 20 ಹಿಕ್ಕೆ ಹಾಕುತ್ತದೆ.

ಗಾಳಿಯ ತೇವಾಂಶ ಶೇ 75ರಷ್ಟಿದ್ದಾಗ, ಮೊಟ್ಟೆ ಬಲಿತ ನುಸಿಯಾಗಲು 16 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 4 ತಿಂಗಳು ಬೇಕು. 23 ಡಿಗ್ರಿಯಲ್ಲಿ 5 ವಾರ, 35 ಡಿಗ್ರಿಯಲ್ಲಿ ಬರೀ 2 ವಾರ ಸಾಕು. ಬೆಚ್ಚಗಿದ್ದಷ್ಟೂ ಸಂತತಿ ಬೇಗ ಬೆಳೆಯುತ್ತದೆ, ಹಿಕ್ಕೆಯೂ ಬೇಗ ಗುಡ್ಡೆಯಾಗುತ್ತದೆ. ಆದರೆ ಶಾಖವೊಂದನ್ನೇ ದೂರಿದರೆ ಲೆಕ್ಕ ತಪ್ಪುತ್ತದೆ. ನುಸಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಮೈಗೆ ಹೀರಿಕೊಳ್ಳುತ್ತದೆ. ಬಿಸಿ ಏರಿದಂತೆ ಅದಕ್ಕೆ ಬೇಕಾದ ತೇವಾಂಶವೂ ಏರುತ್ತದೆ. ಹಾಗಾಗಿ ಒಣ ಸೆಕೆಯಲ್ಲಿ ಅದು ಸೊರಗುತ್ತದೆ, ಬೆಚ್ಚಗಿನ ತೇವದಲ್ಲಿ ಹೆಚ್ಚುತ್ತದೆ. ಮಲಗಿದ ಮಗುವಿನ ಮೈಶಾಖ ಮತ್ತು ಬೆವರು ಹಾಸಿಗೆಯಲ್ಲಿ ಎರಡನ್ನೂ ಒದಗಿಸುತ್ತವೆ. ಎದ್ದ ತಕ್ಷಣ ಹೊದಿಕೆಯನ್ನು ಹಾಸಿಗೆ ಮೇಲೆ ಮುಚ್ಚಿ ಹಾಸಬೇಡಿ (ಅಚ್ಚುಕಟ್ಟಾಗಿ ಕಾಣುತ್ತದೆ, ನಿಜ). ಸ್ವಲ್ಪ ಹೊತ್ತು ಗಾಳಿಯಾಡಲಿ. ಕೋಣೆಯ ತೇವಾಂಶ ಶೇ 50ಕ್ಕಿಂತ ಕೆಳಗಿದ್ದರೆ ಒಳ್ಳೆಯದು.

ಒಗೆಯುವಾಗ ನೀರು 60 ಡಿಗ್ರಿ ಇರಲಿ. ಯಂತ್ರವಾದರೆ ಆ ಗುರುತಿಗೇ ಇಡಿ. ಬಕೆಟ್ಟಿನಲ್ಲಾದರೆ ಒಂದು ಪಾಲು ಕುದಿಯುವ ನೀರಿಗೆ ಅಷ್ಟೇ ತಣ್ಣೀರು ಬೆರೆಸಿದರೆ ಹೆಚ್ಚುಕಡಿಮೆ 60 ಡಿಗ್ರಿ ಆಗುತ್ತದೆ. ಬಟ್ಟೆ ಹಾಕಿದ ಕೂಡಲೇ ಶಾಖ ಇಳಿಯುವುದರಿಂದ ಕುದಿನೀರು ತುಸು ಹೆಚ್ಚಿರಲಿ, ಮಕ್ಕಳು ಹತ್ತಿರ ಸುಳಿಯದಿರಲಿ. ಉಗುರುಬೆಚ್ಚಗಿನ ನೀರಿನಲ್ಲಿ ಒಗೆದರೆ ಅಲರ್ಜಿಯ ಪ್ರೋಟೀನು ಬಹುಪಾಲು ಕರಗಿ ಹೋಗುತ್ತದಾದರೂ ಅನೇಕ ನುಸಿಗಳು ಬದುಕುಳಿದು ಮತ್ತೆ ಹಿಕ್ಕೆ ಹಾಕುತ್ತವೆ.

ಬಿಸಿನೀರು ತಡೆಯದ ಗೊಂಬೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ 24 ಗಂಟೆ ಇಡಿ. ಮೈನಸ್ 18 ಡಿಗ್ರಿ ಬೇಕು, ಫ್ರಿಜ್‌ನ ಕೆಳಗಿನ ಅರೆ ಸಾಲದು. ಅಲ್ಲಿಗೆ ಸತ್ತದ್ದು ನುಸಿ ಮಾತ್ರ. ಹಿಕ್ಕೆ ಹಾಗೇ ಉಳಿದಿರುತ್ತದೆ. ಆಮೇಲೆ ತಣ್ಣೀರಿನಲ್ಲಾದರೂ ಒಗೆದು, ಒಳಗಿನ ಹತ್ತಿಯವರೆಗೆ ಒಣಗಿಸಿ. ಬಿಸಿಲಿನ ಕಥೆಯೂ ಇದೇ: ನುಸಿ ಒಣಗಿ ಸಾಯಬಹುದು, ಪ್ರೋಟೀನು ಬಟ್ಟೆಯಲ್ಲೇ ಕೂತಿರುತ್ತದೆ.

ಮಗುವಿಗೆ ಉಬ್ಬಸವಿದ್ದರೆ ವೈದ್ಯರ ಚೀಟಿಯ ಪ್ರತಿಯನ್ನೂ ಇನ್‌ಹೇಲರನ್ನೂ ಹೆಸರು ಬರೆದು ತರಗತಿ ಶಿಕ್ಷಕರ ಕೈಗೆ ಕೊಡಿ. ಬ್ಯಾಗಿನಲ್ಲಿ ಇಡಬೇಡಿ.

ಇಂತಿ,
ಮುಖ್ಯೋಪಾಧ್ಯಾಯರು