ಎಮಿಷನ್ ಪಾಸಾದರೆ ಸಾಕೇ? ಹೆಡರ್ ಹಾಕಿಸುವ ಮೊದಲೇ ಉತ್ತರ ಸಿಗಲಿ

ಸಂಪಾದಕರೇ,

ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸಿ ಹಿಂದಕ್ಕೆ ಕಳಿಸುವ ಕಂಪನಿ ಭಾಗಕ್ಕೆ ಮ್ಯಾನಿಫೋಲ್ಡ್ ಅನ್ನುತ್ತಾರೆ, ಅದರ ಬದಲು ಹಾಕುವ ಪೈಪುಗಳ ಜೋಡಣೆಗೆ ಹೆಡರ್. ಕಾರಿಗೆ ಹೊರಗಿನ (ಕಂಪನಿಯದಲ್ಲದ) ಹೆಡರ್ ಹಾಕಿಸಿದ್ದೇವೆ, ಎಮಿಷನ್ ಟೆಸ್ಟ್‌ನಲ್ಲಿ ಪಾಸಾಗಿದೆ ಅಂತ ಇಟ್ಟುಕೊಳ್ಳಿ. ಅಷ್ಟಕ್ಕೆ ಆ ಕಾರು ಕಾನೂನಿನ ಪ್ರಕಾರ ಸರಿ ಇದೆ ಅಂತ ಆಯ್ತೇ, ಇಲ್ಲವೇ? ಈ ಒಂದು ಪ್ರಶ್ನೆ ಹಿಡಿದುಕೊಂಡು ನಾನು ಎಂಟು ತಿಂಗಳು ಅಲೆದೆ. ಇಬ್ಬರಿಂದ ಎರಡು ಉತ್ತರ ಬಂತು. ಬರೆದು ಕೊಟ್ಟವರು ಯಾರೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಇದೇ ಗೊಂದಲದಲ್ಲಿ ಬೇರೆಯವರೂ ಇದ್ದಾರೆ, ಅದಕ್ಕೇ ಈ ಪತ್ರ.

ನನ್ನದು 2009ರ 1.3 ಲೀಟರ್ ಪೆಟ್ರೋಲ್ ಕಾರು. ಮನೆ ಶಿರಸಿಯಿಂದ ಕುಮಟಾ ರಸ್ತೆಯ ಕಡೆ. ವಾರಕ್ಕೆ ಎರಡು ಸಲವಾದರೂ ದೇವಿಮನೆ ಘಟ್ಟ ಇಳಿದು ಹತ್ತುವುದು ಇದ್ದೇ ಇದೆ. 2023ರ ಮಳೆಗಾಲದಲ್ಲಿ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ ಟಿಕ್ ಟಿಕ್ ಅಂತ ಶಬ್ದ ಬರಲು ಶುರುವಾಯಿತು. ಐದು ನಿಮಿಷ ಓಡಿಸಿದರೆ ನಿಲ್ಲುತ್ತಿತ್ತು. ಟ್ಯಾಪೆಟ್ ಇರಬೇಕು ಅಂತ ನಾನೂ ಸುಮ್ಮನಿದ್ದೆ. ಗ್ಯಾರೇಜಿನಲ್ಲಿ ಹೀಟ್ ಶೀಲ್ಡ್ ಬಿಚ್ಚಿದಾಗ ಗೊತ್ತಾಯಿತು, ಮ್ಯಾನಿಫೋಲ್ಡ್ ಸೀಳಿದೆ. ಬೀಡು ಬಿಸಿಯಾದಾಗ ಹಿಗ್ಗಿ ಸೀಳು ಮುಚ್ಚಿಕೊಳ್ಳುತ್ತಿತ್ತು, ತಣ್ಣಗಾದಾಗ ಮತ್ತೆ ಬಾಯಿ ಬಿಡುತ್ತಿತ್ತು. ಸೀಳಿನ ಎರಡೂ ಬದಿಗೆ ಕಪ್ಪು ಮಸಿ ಗೆರೆ ಎಳೆದ ಹಾಗೆ ಕೂತಿತ್ತು.

"ಭಟ್ರೇ, ಇದು ಬೀಡು. ಬೆಸುಗೆ ಹಾಕಿದ್ರೆ ನಾಲ್ಕು ದಿವಸ, ಮತ್ತೆ ಪಕ್ಕದಲ್ಲೇ ಒಡೀತದೆ" ಅಂದರು ನಮ್ಮ ಮೆಕ್ಯಾನಿಕ್. ಕಂಪನಿ ಮ್ಯಾನಿಫೋಲ್ಡ್ ಆರ್ಡರ್ ಹಾಕಿದರೆ ಯಾವಾಗ ಬರುತ್ತದೋ ಹೇಳಲಾಗದು ಅಂತ ಬಿಡಿಭಾಗದ ಅಂಗಡಿಯವರು. ಅಷ್ಟರಲ್ಲಿ ಪರಿಚಯದವರೊಬ್ಬರ ಮೂಲಕ ಹೊರ ಜಿಲ್ಲೆಯ ಅಂಗಡಿಯೊಂದರಿಂದ ಸ್ಟೀಲ್ ಹೆಡರ್ ಸಿಕ್ಕಿತು, 14,000 ರೂಪಾಯಿ. ನಾಲ್ಕು ಸಿಲಿಂಡರಿನ ನಾಲ್ಕು ಪೈಪು ಎರಡಾಗಿ, ಆ ಎರಡು ಕಡೆಗೆ ಒಂದಾಗುತ್ತವೆ. ಇದಕ್ಕೆ 4-2-1 ಅನ್ನುತ್ತಾರೆ. ಎಮಿಷನ್‌ಗೆ ಏನೂ ತೊಂದರೆ ಇಲ್ಲ, ಗ್ಯಾರಂಟಿ ಅಂತ ಫೋನಿನಲ್ಲಿ ಹೇಳಿದರು. ನಾನು ನಂಬಿದೆ.

ನಾನು ಕೇಳದೆ ಬಿಟ್ಟಿದ್ದು ಒಂದೇ ಪ್ರಶ್ನೆ: ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆಯ ವಿಷ ಕಡಿಮೆ ಮಾಡುವ ಡಬ್ಬ (ಚಿಕ್ಕದಾಗಿ ಕ್ಯಾಟ್), ಎಲ್ಲಿ ಹೋಯಿತು? ಆ ಹೆಡರಿನ ಕೆಳಪೈಪು ಎಷ್ಟು ಉದ್ದ ಇತ್ತೆಂದರೆ, ಮೊದಲು ಕ್ಯಾಟ್ ಕೂರುತ್ತಿದ್ದ ಜಾಗವನ್ನೂ ದಾಟಿ ಹೋಗಿ ಹಿಂದಿನ ಪೈಪಿಗೆ ಸೇರುತ್ತಿತ್ತು. ಕ್ಯಾಟ್ ಗ್ಯಾರೇಜಿನ ಮೂಲೆ ಸೇರಿತು. ಅದರೊಳಗೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೇಪನ ಇರುವುದರಿಂದ ಗುಜರಿಯವರು ಅದಕ್ಕೆ ಒಳ್ಳೆ ಬೆಲೆ ಕೊಡುತ್ತಾರೆ. ಪುಣ್ಯಕ್ಕೆ ನಮ್ಮ ಮೆಕ್ಯಾನಿಕ್ ಮಾರದೆ ಚೀಲದಲ್ಲಿ ಕಟ್ಟಿ ಇಟ್ಟಿದ್ದರು.

ಎಮಿಷನ್ ಟೆಸ್ಟ್‌ಗೆ ಹೋದೆ. ಬಿಎಸ್-4 (ಭಾರತ್ ಸ್ಟೇಜ್ ಅನ್ನುವ ಹೊಗೆ ಮಾನದಂಡದ ನಾಲ್ಕನೇ ಹಂತ) ಬರುವುದಕ್ಕಿಂತ ಹಿಂದಿನ ನನ್ನಂಥ ಕಾರಿಗೆ, ನಿಂತಲ್ಲೇ ಎಂಜಿನ್ ಓಡುವಾಗ ಅಂದರೆ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ 0.5 ಶೇಕಡಾ, ಹೈಡ್ರೋಕಾರ್ಬನ್ 750 ಪಿಪಿಎಂ ಮೀರಬಾರದು. ನನ್ನ ಚೀಟಿಯಲ್ಲಿ ಕಾರ್ಬನ್ ಮಾನಾಕ್ಸೈಡ್ 1.62 ಅಂತ ಬಂತು. ಮೂರು ಪಟ್ಟಿಗಿಂತ ಜಾಸ್ತಿ.

ಮನೆಗೆ ಬಂದು ಮಾರನೆಯ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿ, ಒಂದು ಊದುಬತ್ತಿ ಹಚ್ಚಿ, ಹೆಡರ್ ಎಂಜಿನ್‌ಗೆ ಕೂರುವ ಅಂಚಿನ ಹತ್ತಿರ ನಿಧಾನಕ್ಕೆ ಆಡಿಸುತ್ತಾ ಹೋದೆ. ಮೊದಲ ಎರಡು ಸಿಲಿಂಡರಿನ ಹತ್ತಿರ ಹೊಗೆ ನೆಟ್ಟಗೆ ಮೇಲೆ ಹೋಯಿತು. ಮೂರನೆಯದರ ಕೆಳಗಿನ ಬೋಲ್ಟಿನ ಹತ್ತಿರ ಬಂದಾಗ ಹೊಗೆ ತಟ್ ತಟ್ ಅಂತ ಒದ್ದ ಹಾಗೆ ಚದುರತೊಡಗಿತು. ಲೀಕ್ ಅಲ್ಲೇ ಇತ್ತು. ಬಿಚ್ಚಿ ನೋಡಿದರೆ ಫ್ಲ್ಯಾಂಜ್ ಪಟ್ಟಿ (ಹೆಡರನ್ನು ಎಂಜಿನ್ನಿಗೆ ಬೋಲ್ಟ್ ಹಾಕಿ ಕೂರಿಸುವ ಚಪ್ಪಟೆ ಅಂಚು) ತೆಳು. ವೆಲ್ಡಿಂಗ್ ಬಿಸಿಗೆ ಸೊಟ್ಟಗಾಗಿದೆ. ಸ್ಟೀಲ್ ಸ್ಕೇಲ್ ಅಡ್ಡ ಇಟ್ಟರೆ ನಡುವೆ ಬೆಳಕು ಕಾಣುತ್ತಿತ್ತು.

ಇದು ಬರೀ ಶಬ್ದದ ವಿಷಯ ಅಲ್ಲ. ಹೊಗೆಯಲ್ಲಿ ಎಷ್ಟು ಆಕ್ಸಿಜನ್ ಉಳಿದಿದೆ ಅಂತ ನೋಡುವ ಆಕ್ಸಿಜನ್ ಸೆನ್ಸರಿನ ಮುಂಚೆ ಇಂಥ ಸಂದಿ ಇದ್ದರೆ ಹೊಗೆ ಹೊರಗೆ ಬರುವುದಷ್ಟೇ ಅಲ್ಲ, ಹೊಗೆಯ ಎರಡು ಹೊಡೆತದ ನಡುವೆ ಹೊರಗಿನ ಗಾಳಿ ಒಳಗೂ ಎಳೆದುಕೊಳ್ಳುತ್ತದೆ. ಸೆನ್ಸರಿಗೆ ಆಕ್ಸಿಜನ್ ಜಾಸ್ತಿ ಕಾಣುತ್ತದೆ. ಪೆಟ್ರೋಲ್ ಸಾಲುತ್ತಿಲ್ಲ ಅಂತ ಅದು ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರಿಗೆ) ಹೇಳುತ್ತದೆ, ಇಸಿಯು ಪೆಟ್ರೋಲ್ ಏರಿಸುತ್ತದೆ. ಮೈಲೇಜು ಇಳಿಯುತ್ತದೆ, ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ಇಂಜೆಕ್ಟರ್ ತೊಳೆಸಿ, ಪ್ಲಗ್ ಬದಲಾಯಿಸಿ ದುಡ್ಡು ಹಾಳು ಮಾಡುವ ಎಷ್ಟೋ ಜನರ ತೊಂದರೆ ಈ ಒಂದು ಗ್ಯಾಸ್ಕೆಟ್ ಸಂದಿಯಲ್ಲಿ ಇರುತ್ತದೆ.

ಲೇತ್ ಅಂಗಡಿಯಲ್ಲಿ ಫ್ಲ್ಯಾಂಜ್ ಸಮ ಮಾಡಿಸಿ ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆ ಕಾರ್ಬನ್ ಮಾನಾಕ್ಸೈಡ್ 0.78ಕ್ಕೆ ಇಳಿಯಿತು. ಆದರೂ ಫೇಲ್. ಕೊನೆಗೆ ಹೆಡರಿನ ಕೆಳಪೈಪು ಕತ್ತರಿಸಿ, ಚೀಲದಲ್ಲಿದ್ದ ಹಳೆಯ ಕ್ಯಾಟನ್ನೇ ಎಂಜಿನ್‌ಗೆ ಆದಷ್ಟು ಹತ್ತಿರ ಬರುವಂತೆ ವೆಲ್ಡ್ ಮಾಡಿಸಿದೆವು. ಹದಿನೈದು ಕಿಲೋಮೀಟರ್ ಓಡಿಸಿ, ಬಿಸಿ ಇರುವಾಗಲೇ ಟೆಸ್ಟ್‌ಗೆ ನಿಲ್ಲಿಸಿದೆ. 0.11 ಬಂತು. ಆ ಚೀಟಿ ನೋಡಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಬಿಸಿ ಇರುವಾಗಲೇ ಅಂದಿದ್ದಕ್ಕೆ ಕಾರಣ ಇದೆ. ಕ್ಯಾಟ್ ಸುಮಾರು 250ರಿಂದ 300 ಡಿಗ್ರಿ ಬಿಸಿ ಆಗುವವರೆಗೆ ಕೆಲಸವನ್ನೇ ಶುರು ಮಾಡುವುದಿಲ್ಲ. ಕಂಪನಿಯವರು ಅದನ್ನು ಎಂಜಿನ್ ಹತ್ತಿರ ಇಡುವುದೇ ಬೇಗ ಬಿಸಿಯಾಗಲಿ ಅಂತ. ಉದ್ದ ಹೆಡರ್ ಹಾಕಿ ಕ್ಯಾಟನ್ನು ಹಿಂದಕ್ಕೆ ತಳ್ಳಿದರೆ, ಡಿಸೆಂಬರ್ ಚಳಿಯಲ್ಲಿ ಹಳ್ಳಿಯಿಂದ ಶಿರಸಿ ಪೇಟೆ ಮುಟ್ಟುವವರೆಗೂ ಅದು ಸರಿಯಾಗಿ ಕೆಲಸ ಮಾಡಲಿಕ್ಕಿಲ್ಲ. ಇನ್ನೊಂದು ಮಾತು. ನಮ್ಮ ಎಮಿಷನ್ ಟೆಸ್ಟ್ ಪೆಟ್ರೋಲ್ ಕಾರನ್ನು ನಿಂತ ಜಾಗದಲ್ಲೇ ಅಳೆಯುತ್ತದೆ. ನೈಟ್ರೋಜನ್ ಆಕ್ಸೈಡ್ ಅಂತೂ ಅಳೆಯುವುದೇ ಇಲ್ಲ. ಹಾಗಾಗಿ ಕ್ಯಾಟ್ ಇಲ್ಲದ ಹಳೆಯ ಕಾರೂ ಟ್ಯೂನಿಂಗ್ ಚೆನ್ನಾಗಿದ್ದರೆ ಕೆಲವು ಸಲ ಪಾಸಾಗಿಬಿಡುತ್ತದೆ. ಅದೇ ಕಾರು ಎರಡನೇ ಗೇರಿನಲ್ಲಿ ಘಟ್ಟ ಹತ್ತುವಾಗ ಏನು ಉಗುಳುತ್ತದೆ ಅನ್ನುವುದು ಆ ಚೀಟಿಯಲ್ಲಿ ಇರುವುದಿಲ್ಲ. ಚೀಟಿ ಬಂತಲ್ಲ, ಇನ್ನೇನು ಅಂತ ಹೇಳುವ ಅಂಗಡಿಯವರ ಮಾತು ನಾನು ಈಗ ಒಪ್ಪುವುದಿಲ್ಲ.

ಇಷ್ಟಾಗಿ ನನ್ನ ನಿಜವಾದ ಕಷ್ಟ ಶುರುವಾಗಿದ್ದು ಆಮೇಲೆ. 2024ರಲ್ಲಿ ಕಾರಿಗೆ ಹದಿನೈದು ವರ್ಷ ತುಂಬಿತು, ಆರ್‌ಸಿ ನವೀಕರಣ ಮಾಡಿಸಬೇಕು. ಬ್ರೇಕ್ ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿಸಿದರು, ಹೊಳೆಯುವ ಪೈಪು ನೋಡಿದರು. "ಇದು ಕಂಪನಿದಾ?" ಅಂತ ಕೇಳಿದರು. ಅಲ್ಲ ಸಾರ್ ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. ಎಮಿಷನ್ ಚೀಟಿ ತೋರಿಸಿದೆ. ಕಂಪನಿ ಭಾಗ ಹಾಕಿಕೊಂಡು ಬನ್ನಿ ಅಂದರು. ಅದೇ ಕಚೇರಿಯ ಇನ್ನೊಂದು ಟೇಬಲಿನಲ್ಲಿ ಕೇಳಿದರೆ, ಎಮಿಷನ್ ಪಾಸಾಗಿದ್ದರೆ ಅಡ್ಡಿ ಇಲ್ಲ, ಅದು ಆರ್‌ಸಿಯಲ್ಲಿ ಬರೆಯುವ ವಿಷಯವೇ ಅಲ್ಲ ಅಂದರು. ಯಾವುದನ್ನು ಹಿಡಿಯಲಿ?

ಕಾಯ್ದೆ ಓದಿದರೆ ಇಬ್ಬರೂ ಪೂರ್ತಿ ತಪ್ಪು ಅಂತ ಅನ್ನಿಸುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುವುದು, ಆರ್‌ಸಿಯಲ್ಲಿರುವ ವಿವರ ಕಂಪನಿ ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸಬಾರದು ಅಂತ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನು ಬಿಗಿಯಾಗಿಯೇ ಹೇಳಿದೆ. ಆದರೆ ಆರ್‌ಸಿಯಲ್ಲಿ ಎಂಜಿನ್ ನಂಬರ್, ಚಾಸಿ ನಂಬರ್, ಇಂಧನ, ಬಣ್ಣ ಇರುತ್ತವೆ. ಮ್ಯಾನಿಫೋಲ್ಡ್ ಇರುವುದಿಲ್ಲವಲ್ಲ! ಹಾಗಂತ ಧೈರ್ಯ ಮಾಡಲೂ ಆಗುವುದಿಲ್ಲ. 2019ರ ತಿದ್ದುಪಡಿಯ ನಂತರ, ಅನುಮತಿ ಇಲ್ಲದ ಬದಲಾವಣೆಗೆ ಮಾಲೀಕರಿಗೆ ಒಂದೊಂದಕ್ಕೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಹೊಗೆ, ಶಬ್ದದ ಮಿತಿ ಮೀರಿದರೆ 190ನೇ ಕಲಂನಲ್ಲಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಒಡೆದ ಭಾಗಕ್ಕೆ ಬದಲಿ ಭಾಗ ಹಾಕಿಸಿದವರನ್ನೂ, ಬೇಕೆಂದೇ ಕ್ಯಾಟ್ ಕಿತ್ತು ರಾತ್ರಿ ಹೆದ್ದಾರಿಯಲ್ಲಿ ಪಟಾಕಿ ಹೊಡೆಯುವ ಹಾಗೆ ಶಬ್ದ ಮಾಡಿಕೊಂಡು ಹೋಗುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಅಲ್ವಾ?

ನಾನು ಕೊನೆಗೆ ಮೂರು ವಾರ ಕಾದು ಕಂಪನಿ ಮ್ಯಾನಿಫೋಲ್ಡ್ ತರಿಸಿ ಹಾಕಿಸಿದೆ, ನವೀಕರಣ ಆಯಿತು. ಹೆಡರ್ ಅಟ್ಟದ ಮೇಲಿದೆ. ಖರ್ಚಾದ ಹಣದ ಲೆಕ್ಕ ಇಲ್ಲಿ ಬೇಡ.

ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. ಅಲ್ಲಿನ ಏರ್ ರಿಸೋರ್ಸಸ್ ಬೋರ್ಡ್ ಹೊರಗಿನ ಹೆಡರ್‌ಗಳನ್ನೂ ಪರಿಶೀಲಿಸಿ, ಹೊಗೆ ಜಾಸ್ತಿ ಮಾಡುವುದಿಲ್ಲ ಅಂತ ಖಾತ್ರಿಯಾದರೆ ಒಂದು ಇ.ಒ. (ಎಕ್ಸಿಕ್ಯೂಟಿವ್ ಆರ್ಡರ್, ಅಂದರೆ ಅನುಮತಿ ಆದೇಶ) ನಂಬರ್ ಕೊಡುತ್ತದೆ. ಯಾವ ಗಾಡಿಗೆ, ಯಾವ ವರ್ಷದ ಮಾಡೆಲ್‌ಗೆ ಅಂತಲೂ ಅದರಲ್ಲಿ ಇರುತ್ತದೆ. ತಪಾಸಣೆ ಮಾಡುವವರು ಬಾನೆಟ್ ಎತ್ತಿ ಆ ನಂಬರ್ ನೋಡುತ್ತಾರೆ, ಪಟ್ಟಿಯಲ್ಲಿ ಇದೆಯೋ ಇಲ್ಲವೋ ನೋಡುತ್ತಾರೆ. ಕ್ಯಾಟ್ ಜಾಗ ಬದಲಾಯಿಸುವ ಉದ್ದ ಹೆಡರ್‌ಗೆ ಆ ನಂಬರ್ ಸಿಗುವುದು ಬಲು ಕಷ್ಟ. ಕ್ಯಾಟ್, ಸೆನ್ಸರ್ ಇದ್ದಲ್ಲೇ ಇರುವಂಥ ಗಿಡ್ಡ ಹೆಡರ್‌ಗಳಿಗೆ ಸಿಗುತ್ತದೆ. ಕೊಳ್ಳುವವರಿಗೆ ದುಡ್ಡು ಕೊಡುವ ಮೊದಲೇ ಗೊತ್ತಿರುತ್ತದೆ. ನಮಗೆ ಬೇಕಾಗಿದ್ದೂ ಅದೇ, ಮೊದಲೇ ಗೊತ್ತಾಗುವುದು.

ಅಲ್ಲಿಯವರೆಗೆ ಹೆಡರ್ ಕೊಳ್ಳಲೇಬೇಕಾದವರಿಗೆ ನಾನು ಕಲಿತದ್ದನ್ನು ಹೇಳುತ್ತೇನೆ. ಅಂಗಡಿಗೆ ಹೋಗುವಾಗ ಒಂದು ಅಯಸ್ಕಾಂತ ಜೇಬಿನಲ್ಲಿರಲಿ. 304 ದರ್ಜೆಯ ಸ್ಟೇನ್‌ಲೆಸ್ ಪೈಪಿಗೆ ಅದು ಅಂಟುವುದಿಲ್ಲ ಅಂತಲೇ ಹೇಳಬಹುದು, 409ಕ್ಕೆ ಗಟ್ಟಿಯಾಗಿ ಅಂಟುತ್ತದೆ. ಕಾರವಾರ, ಅಂಕೋಲಾದ ಉಪ್ಪು ಗಾಳಿಗೆ 409 ಬೇಗ ತುಕ್ಕು ಹಿಡಿಯುತ್ತದೆ, ಸಾದಾ ಕಬ್ಬಿಣದ್ದಂತೂ ಕೇಳಲೇ ಬೇಡಿ. ಚೆಂದ ಕಾಣುತ್ತದೆ ಅಂತ ಹೆಡರಿಗೆ ಬಟ್ಟೆಪಟ್ಟಿ ಸುತ್ತುವವರಿದ್ದಾರೆ. ನಮ್ಮ ಕರಾವಳಿ ಮಳೆಯಲ್ಲಿ ಅದು ಒದ್ದೆ ಹಿಡಿದಿಟ್ಟುಕೊಂಡು ಒಳಗಿಂದೊಳಗೇ ಪೈಪನ್ನು ತಿನ್ನುತ್ತದೆ. ಪೈಪಿನ ಬಾಯಿಗೆ ಟಾರ್ಚ್ ಹಿಡಿದು ವೆಲ್ಡಿಂಗ್ ಗಂಟು ಒಳಗೆ ಬಂದಿದೆಯಾ ನೋಡಿ, ಫ್ಲ್ಯಾಂಜ್ ಮೇಲೆ ಸ್ಕೇಲ್ ಇಡಿ. ಆಕ್ಸಿಜನ್ ಸೆನ್ಸರ್ ಕೂರುವ ತೂತು ಮೊದಲಿದ್ದ ದೂರದಲ್ಲೇ ಇರಬೇಕು. ಕ್ಯಾಟ್ ಕೆಲಸ ಮಾಡುತ್ತಿದೆಯಾ ಅಂತ ನೋಡುವ ಎರಡನೆಯ ಸೆನ್ಸರಿಗೆ ಒಂದು ಚಿಕ್ಕ ಸ್ಪೇಸರ್ (ಅದನ್ನು ಹೊಗೆಯಿಂದ ದೂರ ಇಡುವ ತುಂಡು) ಹಾಕಿ ಚೆಕ್ ಎಂಜಿನ್ ಲೈಟ್ ಬರದ ಹಾಗೆ ಮಾಡಿಕೊಡ್ತೇವೆ ಅನ್ನುವವರ ಅಂಗಡಿಯಿಂದ ಎದ್ದು ಬನ್ನಿ. ಅದು ಗಾಡಿಗೂ ಮೋಸ, ನಮ್ಮ ಹಿಂದೆ ಬೈಕಿನಲ್ಲಿ ಮಗು ಕೂರಿಸಿಕೊಂಡು ಬರುವವರಿಗೂ ಮೋಸ. ಶಕ್ತಿ ಜಾಸ್ತಿಯಾಗುತ್ತದೆ ಅನ್ನುವ ಆಸೆ ಇದ್ದರೆ ಒಂದು ಮಾತು: ನನ್ನ 1.3 ಲೀಟರ್ ಎಂಜಿನ್‌ನಲ್ಲಿ ಇಸಿಯು ಮುಟ್ಟದೆ ಬರೀ ಹೆಡರ್ ಹಾಕಿದ್ದರಿಂದ ದೇವಿಮನೆ ಹತ್ತುವಾಗ ನನಗೇನೂ ವ್ಯತ್ಯಾಸ ಕಾಣಲಿಲ್ಲ. ಶಬ್ದ ಬದಲಾಯಿತು, ಅಷ್ಟೇ.

ಸಾರಿಗೆ ಇಲಾಖೆಯವರಲ್ಲಿ ನನ್ನ ಕೇಳಿಕೆ ದೊಡ್ಡದಲ್ಲ. ಕಾರವಾರ, ಶಿರಸಿ, ಹೊನ್ನಾವರ, ದಾಂಡೇಲಿ ನಾಲ್ಕೂ ಕಡೆ ಕನ್ನಡದಲ್ಲಿ ಒಂದು ಹಾಳೆ ಅಂಟಿಸಿ. ಸೈಲೆನ್ಸರ್, ಮ್ಯಾನಿಫೋಲ್ಡ್, ಕ್ಯಾಟ್ ಇವುಗಳಲ್ಲಿ ಹೊರಗಿನದು ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ, ಅನುಮತಿ ಬೇಕಾದರೆ ಯಾವ ಅರ್ಜಿ, ಯಾರಿಗೆ ಕೊಡಬೇಕು, ಎಷ್ಟು ದಿನದಲ್ಲಿ ಉತ್ತರ ಬರುತ್ತದೆ, ಇಷ್ಟು ಬರೆದರೆ ಸಾಕು. ಎಮಿಷನ್ ಕೇಂದ್ರಗಳಲ್ಲೂ ಅದೇ ಹಾಳೆ ಇರಲಿ. ನಡೆಯುವುದೇ ಇಲ್ಲ ಅಂತಾದರೆ ಹಾಗೇ ಬರೆಯಿರಿ, ನಾವು ಕಂಪನಿ ಭಾಗಕ್ಕೇ ಕಾಯುತ್ತೇವೆ.

ಕಾರವಾರದಲ್ಲಿರುವ ನನ್ನ ತಂಗಿಯ ಮಗ ಬಿಎಸ್-6 ಪೆಟ್ರೋಲ್ ಕಾರು ಇಟ್ಟುಕೊಂಡಿದ್ದಾನೆ. ಕಳೆದ ವಾರ ಅವನ ಮನೆಗೂ ಒಂದು ಹೆಡರ್ ಡಬ್ಬ ಬಂದಿದೆ. ಅವನ ಕಾರಿನಲ್ಲಿ ಕ್ಯಾಟ್ ಮ್ಯಾನಿಫೋಲ್ಡ್ ಜೊತೆಗೇ ಸೇರಿಕೊಂಡಿದೆ, ಒಂದನ್ನು ಬಿಚ್ಚಿದರೆ ಎರಡೂ ಹೋದ ಹಾಗೆ. ಅವನ ಕಾರಿಗೆ ಮಿತಿಯೂ ಬಿಗಿ, ಐಡಲ್‌ನಲ್ಲಿ 0.3 ಶೇಕಡಾ. "ಮಾವ, ಹಾಕ್ಸಲಾ ಬೇಡ್ವಾ?" ಅಂತ ದಿನಾ ಫೋನ್ ಮಾಡುತ್ತಾನೆ. ಇಲಾಖೆಯಿಂದ ಉತ್ತರ ಬರುವವರೆಗೆ ಡಬ್ಬ ಒಡೆಯಬೇಡ, ಒಡೆಯದಿದ್ದರೆ ವಾಪಸ್ ತಗೊಳ್ಳುತ್ತಾರೆ ಅಂತ ಹೇಳಿದ್ದೇನೆ. ವಾಪಸ್ ಮಾಡಲು ಅಂಗಡಿಯವರು ಕೊಟ್ಟಿರುವ ಗಡುವು ಈ ತಿಂಗಳ ಕೊನೆ.

— ನಿಮ್ಮ ಓದುಗ, ಶಿರಸಿ